ಹಿರೇಗುಡ್ಡದ ಕೊಡಲಿ ಕಸುಬಿನವರಿಗೆ

ಹಿರಿಯರೇ,

ನಿಮ್ಮ ಹೆಸರು ಗೊತ್ತಿಲ್ಲ, ನೀವಾಡುತ್ತಿದ್ದ ನುಡಿ ಗೊತ್ತಿಲ್ಲ. ಅಣ್ಣ ಎನ್ನಬೇಕೋ ಅಕ್ಕ ಎನ್ನಬೇಕೋ, ಅದೂ ತಿಳಿಯದು. ಕೊಡಲಿ ಮಾಡುವವನು ಗಂಡಸೇ ಎಂದು ನಮ್ಮ ಪಾಠಪುಸ್ತಕದ ಚಿತ್ರಗಳು ತೀರ್ಮಾನಿಸಿಬಿಟ್ಟಿವೆ. ಕಲ್ಲು ಆ ಬಗ್ಗೆ ಬಾಯಿ ಬಿಟ್ಟಿಲ್ಲ. ಆದ್ದರಿಂದ ಹಿರಿಯರೇ ಎಂದೇ ಶುರು ಮಾಡುತ್ತೇನೆ. ಕಾಗದದ ಮೊದಲಿಗೆ ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಸುಮಾರು 3,400 ವರ್ಷ ತಡವಾಗಿ ಕ್ಷೇಮ ಕೇಳುವುದು ಕುಚೋದ್ಯವಾದೀತೆಂದು ಆ ಸಾಲು ಬಿಟ್ಟಿದ್ದೇನೆ.

ನಾನು ಬಳ್ಳಾರಿ ಸೀಮೆಯಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುವವನು. ಬರೆಯಲು ಕಾರಣ ನಿಮ್ಮ ಹೆಸರಿನ ಸಂಗ್ರಹಾಲಯ. ನಿಮ್ಮ ಹೆಸರಿನದು ಎಂದರೆ ಪೂರಾ ನಿಜವಾಗಲಿಕ್ಕಿಲ್ಲ. ಅದರ ಹೆಸರು ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ. ಫೂಟ್ ಎಂಬಾತ ಭೂವಿಜ್ಞಾನಿ. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಒಂದು ಕೈಗೊಡಲಿ ಎತ್ತಿಕೊಂಡು, ಈ ನೆಲದಲ್ಲೂ ಶಿಲಾಯುಗದ ಜನ ಇದ್ದರೆಂದು ಲೋಕಕ್ಕೆ ತೋರಿಸಿದವನು. ಮುಂದೆ ಬಳ್ಳಾರಿ ಜಿಲ್ಲೆಯ ಬಂಡೆಗಳನ್ನು ಪರೀಕ್ಷಿಸಲು ಬಂದಾಗ ಸಂಗನಕಲ್ಲಿನ ಹತ್ತಿರದ ನಿಮ್ಮ ಗುಡ್ಡಗಳೂ ಅವನ ಕಣ್ಣಿಗೆ ಬಿದ್ದವು. ಹುಡುಕಿದವನ ಹೆಸರು ಮೊದಲು, ಊರಿನದು ಆಮೇಲೆ. ಮಾಡಿದವರ ಹೆಸರು ಹಾಕಬೇಕೆಂದರೂ ಹಾಕುವ ಹಾಗಿಲ್ಲವಲ್ಲ!

ಆ ಸಂಗ್ರಹಾಲಯ ಬಳ್ಳಾರಿಗೆ ಬಂದಿದ್ದೇ ದೊಡ್ಡ ಮಾತು. ನಿಮ್ಮ ಸಾಮಾನು ಎಲ್ಲೆಲ್ಲಿಗೆ ಹೋಗಿದೆ ಗೊತ್ತೇ? ಫೂಟ್ ಕೂಡಿಟ್ಟದ್ದನ್ನು 1904ರಲ್ಲಿ ಮದರಾಸು ಸರ್ಕಾರ ಕೊಂಡಿತು. ಅದು ಇಂದಿಗೂ ಚೆನ್ನೈನ ಎಗ್ಮೋರ್ ಮ್ಯೂಸಿಯಮ್ಮಿನ ಸೊತ್ತು. ಬೆಂಡಪೂಡಿ ಸುಬ್ಬರಾವ್ ಎಂಬ ತರುಣ ಸಂಶೋಧಕರು 1940ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದು ನಿಮ್ಮಲ್ಲಿ ಅಗೆದರು. 1948ರಲ್ಲಿ ಅವರ ಪುಸ್ತಕ ಹೊರಬಂತು. 1964-65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. ಕಳೆದ ಶತಮಾನದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಅವರ ಜೊತೆ ಡೋರಿಯನ್ ಫುಲ್ಲರ್, ನಿಕೋಲ್ ಬೊಯ್ವಿನ್ ಮೊದಲಾದ ಹೊರದೇಶದವರು ವರ್ಷಗಟ್ಟಲೆ ಕೆಲಸ ಮಾಡಿದರು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮದರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಫೂಟ್ ಹೆಕ್ಕಿದ ಕೊಡಲಿಗಳು ಮಾತ್ರ ಅಲ್ಲೇ ಉಳಿದವು. ಹೀಗಿರುವಾಗ ಕೋರಿಶೆಟ್ಟರ್ ಪಟ್ಟು ಹಿಡಿದು, ಜಿಲ್ಲಾಡಳಿತವನ್ನು ಒಪ್ಪಿಸಿ, ಬಳ್ಳಾರಿಯಲ್ಲೇ ನಿಮ್ಮದೊಂದು ಮನೆ ಮಾಡಿಸಿದ್ದಕ್ಕೆ ಊರಿನವರು ಋಣಿಗಳು. ನನ್ನ ತಕರಾರು ಮನೆಯ ಮೇಲಲ್ಲ. ಅಲ್ಲಿಗೆ ನಾವು ಮಕ್ಕಳನ್ನು ಕರೆದೊಯ್ಯುವ ರೀತಿಯ ಮೇಲೆ.

ನಮ್ಮಲ್ಲಿ ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಸುಗ್ಗಿ. ಹಂಪಿ, ತುಂಗಭದ್ರಾ ಅಣೆಕಟ್ಟು, ಚಿತ್ರದುರ್ಗದ ಕೋಟೆ. ಸಂಗ್ರಹಾಲಯಕ್ಕೆ ಪಾಲು ಬರುವುದು ಊಟದ ಮುಂಚಿನ ಅರ್ಧ ತಾಸು. ಬಸ್ಸಿನಿಂದ ಇಳಿದವರನ್ನು ಸಾಲು ಮಾಡಿಸುತ್ತೇವೆ. ಮುಟ್ಟಬೇಡ, ಮಾತಾಡಬೇಡ, ಗಾಜಿಗೆ ಒರಗಬೇಡ ಎನ್ನುತ್ತೇವೆ. ಬುದ್ಧಿವಂತ ಮಕ್ಕಳು ಫಲಕದಲ್ಲಿದ್ದುದನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ: ನವಶಿಲಾಯುಗ, ನಯಗೊಳಿಸಿದ ಕಲ್ಲಿನ ಕೊಡಲಿ, ಸಂಗನಕಲ್ಲು. ಅಲ್ಲಿಗೆ ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ನೀವು ಮುಗಿದಿರಿ. ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಹಂಪಿಯ ದೊಡ್ಡ ಮಾದರಿಯಿದೆ. ಅದರ ಸುತ್ತ ನಿಂತ ಮಕ್ಕಳನ್ನು ನೋಡಬೇಕು. ಅಲ್ಲಿ ನದಿ, ಇಲ್ಲಿ ನಾವು ಹತ್ತಿದ ಬೆಟ್ಟ ಎಂದು ಬೆರಳು ತೋರಿಸಿ ಜಗಳವಾಡುತ್ತಾರೆ. ಜಗಳವಾಡಲು ಏನಾದರೂ ಸಿಕ್ಕಿದಲ್ಲಿ ಮಕ್ಕಳು ನಿಲ್ಲುತ್ತಾರೆ. ಸಿಗದಿದ್ದಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾರೆ.

ನಿಮ್ಮ ಕೆಲಸದಲ್ಲಿ ಜಗಳಕ್ಕೆ ಎಷ್ಟು ಸರಕಿದೆ! ಬೂದು ಬಣ್ಣದ ಗ್ರಾನೈಟ್ ಗುಡ್ಡ, ಅದನ್ನು ಸೀಳಿಕೊಂಡು ಓಡುವ ಡಾಲರೈಟ್ ಎಂಬ ಕರಿಗಲ್ಲಿನ ಪಟ್ಟಿ. ಆ ಕರಿಗಲ್ಲನ್ನು ಒಡೆದು ಗಟ್ಟಿ ತೆಗೆದಿರಿ. ಗಟ್ಟಿಯ ಅಂಚಿಗೆ ಹೊಡೆದು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರ ತಂದಿರಿ. ಆಮೇಲೆ ಇನ್ನೊಂದು ಕಲ್ಲಿನಿಂದ ಸಣ್ಣಗೆ ಕುಟ್ಟಿ ಕುಟ್ಟಿ ಉಬ್ಬು ತಗ್ಗು ಅಳಿಸಿದಿರಿ. ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ತಿಕ್ಕಿದಿರಿ. ತಿಕ್ಕಿ ತಿಕ್ಕಿ ಬಂಡೆಯೇ ಸವೆದು ದೋಣಿಯಂಥ ಗುಳಿ ಬಿದ್ದಿದೆ. ಗುಡ್ಡದ ಮೇಲೆ ನೀವು ಬಿಟ್ಟುಹೋದ ಚಕ್ಕೆಗಳಿಗೆ ಲೆಕ್ಕವಿಲ್ಲ. ಒಂದು ಮನೆಯ ಬಳಕೆಗೆ ಇಷ್ಟು ಕೊಡಲಿ ಬೇಕಾಗದು, ಬೇರೆ ಊರುಗಳಿಗೂ ಕಳಿಸುತ್ತಿದ್ದಿರಬೇಕು ಎಂದು ಓದಿದವರ ಅಂದಾಜು.

ಗಾಜಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕೂರುವುದು ಕೊನೆಯ ಮಾಲು. ನುಣುಪಾದ, ಕಪ್ಪನೆಯ, ಅಂಗೈಗೆ ಸರಿಹೋಗುವ ಕೊಡಲಿ. ಊರ ಹಳ್ಳದಲ್ಲಿ ಇಂಥ ಕಲ್ಲನ್ನು ದಿನಾ ನೋಡುವ ಹುಡುಗನಿಗೆ ಅದರಲ್ಲಿ ಬೆರಗೇನು? ನನ್ನ ಕೈಗೆ ಅಧಿಕಾರ ಕೊಟ್ಟರೆ ಮುಗಿದ ಕೊಡಲಿ ಒಂದೇ ಸಾಕು ಎನ್ನುತ್ತೇನೆ. ಉಳಿದ ಜಾಗವೆಲ್ಲ ಕೆಟ್ಟವಕ್ಕೆ. ನಡುವೆ ಮುರಿದದ್ದು, ಒಂದು ಏಟು ಹೆಚ್ಚಾಗಿ ಅಂಚು ಹಾರಿದ್ದು, ಅರ್ಧಕ್ಕೆ ಬಿಟ್ಟದ್ದು. ಹೊರಗೊಂದು ಮೇಜು, ಅದರ ಮೇಲೆ ತಟ್ಟೆಯ ತುಂಬ ಚಕ್ಕೆ. ಅಗೆತದಲ್ಲಿ ಸಿಕ್ಕ ನಂಬರ್ ಹಾಕಿದ ಚಕ್ಕೆ ಬೇಡ. ಇವತ್ತು ಯಾರಾದರೂ ಹೊಸದಾಗಿ ಒಡೆದ ಡಾಲರೈಟ್ ಆದೀತು. ಮಕ್ಕಳು ಮುಟ್ಟಲಿ, ತೂಗಲಿ, ಯಾವ ಚಕ್ಕೆ ಯಾವ ಹೊಡೆತದ್ದೆಂದು ವಾದ ಮಾಡಲಿ. ಮಿಕ್ಸಿ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಬೀಸುವ ಕಲ್ಲು, ಒಳಕಲ್ಲು ನುಣುಪಾದಾಗ ಮತ್ತೆ ಗುಳಿ ಹೊಡೆದು ಕೊಡುವವರು ಮನೆ ಬಾಗಿಲಿಗೆ ಬರುತ್ತಿದ್ದರು. ಟಕ್ ಟಕ್ ಟಕ್ ಎಂದು ಬೀದಿಗೆಲ್ಲ ಕೇಳುತ್ತಿತ್ತು. ನೀವು ಕೊಡಲಿಯನ್ನು ಕುಟ್ಟಿದ್ದೂ ಅದೇ ಕೈಚಳಕದಿಂದ. ನೀವು ಉಬ್ಬು ಇಳಿಸಲು ಕುಟ್ಟಿದಿರಿ, ಅವರು ನುಣುಪು ಕೆಡಿಸಲು ಕುಟ್ಟಿದರು, ಅಷ್ಟೇ ವ್ಯತ್ಯಾಸ. ಅಂಥ ಒಬ್ಬ ಅಜ್ಜನನ್ನೋ ಅಮ್ಮನನ್ನೋ ಕರೆಸಿ ಸಂಗ್ರಹಾಲಯದ ಅಂಗಳದಲ್ಲಿ ಕೂರಿಸಿದರೆ ಒಂದು ತಾಸಿನ ಪಾಠವಾಯಿತು. ಗೌರವಧನ ಕೊಡಬೇಕು, ಶಾಲು ಹೊದಿಸಿ ಕಳಿಸಿದರೆ ಸಾಲದು.

ಇನ್ನು ಬೂದಿಯ ವಿಷಯ. ಈ ಬಗ್ಗೆ ಬರೆಯಲು ಕುಳಿತರೆ ನನಗೆ ನಿಲ್ಲಿಸುವುದು ಕಷ್ಟ. ನಿಮ್ಮ ಸಣ್ಣರಾಚಮ್ಮ ಗುಡ್ಡದಲ್ಲೂ ಬೂದಿ, ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲೂ ಬೂದಿಯ ದಿಬ್ಬ. ಕುಡತಿನಿಯ ಜನ ಅದು ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಜಾಗ ಎಂದರು. ಹಂಪಿಯ ಆಚೆ ನಿಂಬಾಪುರದ ದಿಬ್ಬಕ್ಕೆ ವಾಲಿಯ ಚಿತೆ ಎಂದು ಹೆಸರಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಕಂಪನಿ ಸೈನ್ಯದ ಅಧಿಕಾರಿ ಕುಡತಿನಿಯನ್ನು ಅಗೆದು ನೋಡಿ ತಲೆ ಕೆರೆದುಕೊಂಡ. ಜ್ವಾಲಾಮುಖಿಯೇ? ಇಟ್ಟಿಗೆ ಭಟ್ಟಿಯೇ? ಕುಲುಮೆಯೇ? ಆಮೇಲೆ ಬಂದವರು ದೊಡ್ಡ ಬಲಿ ಕೊಟ್ಟು ಸುಟ್ಟ ಬೂದಿ ಎಂದದ್ದೂ ಉಂಟು. ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟ ಬೂದಿ ಎಂದ. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕವು. 1960ರಲ್ಲಿ ಝಾಯ್ನರ್ ಎಂಬ ವಿದ್ವಾಂಸರು ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಸಗಣಿಯೇ ಹೌದೆಂದರು. ಹಾಗಾದರೆ ಇಷ್ಟೊಂದು ಸಗಣಿ ಸುಟ್ಟದ್ದೇಕೆ? ಹಟ್ಟಿಯ ಹೊಲಸು ಕಳೆಯಲೋ, ಹಬ್ಬಕ್ಕೋ? ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಪದ್ಧತಿಯಂಥದ್ದೇನಾದರೂ ಇತ್ತೋ ಎಂದು ಆಲ್ಚಿನ್ ಯೋಚಿಸಿದ್ದರು. ಇನ್ನೊಂದೆಡೆ, ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಹಲವು ವರ್ಷ ಅಗೆದು, ದಿಬ್ಬದ ಪಕ್ಕದಲ್ಲೇ ಜನ ಮನೆ ಮಾಡಿಕೊಂಡಿದ್ದರೆಂದು ತೋರಿಸಿದರು.

ಇಷ್ಟನ್ನೂ ಒಂದು ಗೋಡೆಯ ಮೇಲೆ ಕಾಲಾನುಕ್ರಮವಾಗಿ ಬರೆಯಿಸಬೇಕು, ಹಿಡಿಂಬಾಸುರನಿಂದಲೇ ಶುರು ಮಾಡಿ, ಅವನನ್ನು ಗೇಲಿ ಮಾಡದೆ. ಊರಿನವರು ಕಂಡದ್ದನ್ನು ವಿವರಿಸಲು ಹೊರಟ ಮೊದಲ ಪ್ರಯತ್ನ ಅದು. ನಡುವೆ ಒಂದು ತುಂಡು ನಿಜವಾದ ಬೂದಿಗಲ್ಲು, ಒಂದು ಭೂತಗನ್ನಡಿ. ಪ್ರತಿ ಉತ್ತರದ ಕೆಳಗೆ ಅದನ್ನು ಹೇಳಿದ ವರ್ಷ, ಆಗ ಅವರ ಕೈಯಲ್ಲಿದ್ದ ಸಾಕ್ಷಿ. ಮಕ್ಕಳು ಎರಡು ಗುಂಪಾಗಿ ಒಂದೊಂದು ಉತ್ತರದ ಪರ ವಕೀಲಿಕೆ ಮಾಡಲಿ. ಬೆರಣಿ ತಟ್ಟುವ ಮನೆಯ ಹುಡುಗಿ ಸಗಣಿ ಎಷ್ಟು ಹೊತ್ತು ಉರಿಯುತ್ತದೆ, ಬೂದಿ ಎಷ್ಟು ಉಳಿಯುತ್ತದೆ ಎಂದು ಹೇಳುವಾಗ ಪಟ್ಟಣದ ಹುಡುಗರು ಬಾಯಿ ಮುಚ್ಚಿ ಕೇಳಬೇಕಾಗುತ್ತದೆ. ಆ ಗಳಿಗೆಗಾಗಿಯೇ ನಾನು ಇದನ್ನು ಕೇಳುತ್ತಿದ್ದೇನೆ ಎಂದರೂ ಸರಿ.

ಸಂಗ್ರಹಾಲಯದ ಫಲಕಗಳಿಗೆ ತಾರೀಖು ಹಾಕುವ ರೂಢಿ ನಮ್ಮಲ್ಲಿ ಇಲ್ಲ. ವಸ್ತುವಿಗೆ ಕಾಲ ಬರೆಯುತ್ತೇವೆ, ಫಲಕಕ್ಕೆ ಬರೆಯುವುದಿಲ್ಲ. ಆದರೆ ಫಲಕದ ಮಾತೂ ಹಳತಾಗುತ್ತದೆ. 1947ರಲ್ಲಿ ವೀಲರ್ ಎಂಬ ಪುರಾತತ್ವಜ್ಞರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ಕಲ್ಲಿನ ಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನದವರು ಎಂದುಬಿಟ್ಟರು. ಕಾರ್ಬನ್ ಪರೀಕ್ಷೆ ಬಂದ ಮೇಲೆ ನಿಮ್ಮ ಕುಲದ ಮೂಲ ಕ್ರಿ.ಪೂ. 3000ದ ಆಸುಪಾಸಿಗೆ ಹೋಯಿತು. ಒಂದೇ ತಲೆಮಾರಿನಲ್ಲಿ ನಿಮ್ಮ ವಯಸ್ಸಿಗೆ ಸಾವಿರಾರು ವರ್ಷ ಸೇರಿತು! ವಿದ್ವಾಂಸರು ಹೀಗೆ ತಿದ್ದಿಕೊಳ್ಳುತ್ತಾರೆಂದು ತಿಳಿಯದ ಮಗು, ಗೋಡೆಯ ಮೇಲಿನದೆಲ್ಲ ಶಾಸನ ಎಂದುಕೊಂಡು ಮನೆಗೆ ಹೋಗುತ್ತದೆ. ಹತ್ತು ವರ್ಷಕ್ಕೊಮ್ಮೆ ಫಲಕ ಬದಲಾಗಲಿ. ಹಳೆಯದನ್ನು ಗುಜರಿಗೆ ಹಾಕದೆ ಪಕ್ಕದಲ್ಲೇ ನೇತುಹಾಕಲಿ.

ನಿಮ್ಮ ಅಡುಗೆಮನೆಯ ಗುಟ್ಟು ಬಯಲಾದ ಬಗೆಯನ್ನೂ ಮಕ್ಕಳ ಕೈಯಿಂದಲೇ ಮಾಡಿಸಬಹುದು. ಅಗೆದ ಮಣ್ಣನ್ನು ನೀರಿಗೆ ಸುರಿದು ಕಲಕಿದರೆ ಮಣ್ಣು ತಳ ಸೇರುತ್ತದೆ, ಕರಿಕಾದ ಕಾಳು ತೇಲುತ್ತದೆ. ಫುಲ್ಲರ್ ತಂಡ ಹೀಗೆ ತೇಲಿಸಿ ಹಿಡಿದದ್ದು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯ. ಬೇಸಾಯವೆಲ್ಲ ಹೊರಗಿನಿಂದ ಬಂತು ಎಂಬ ಮಾತಿಗೆ ಅಡ್ಡ ನಿಂತ ಕಾಳುಗಳಿವು. ಇವನ್ನು ಈ ಬಯಲುಸೀಮೆಯವರೇ ಪಳಗಿಸಿದ್ದರೆಂದು ಈಗ ಹೇಳುತ್ತಾರೆ. ಒಂದು ಬಕೆಟ್, ಒಂದು ಜರಡಿ, ಒಂದು ಹಿಡಿ ಸುಟ್ಟ ಹುರುಳಿ ಬೆರೆಸಿದ ಮಣ್ಣು ಸಾಕು. ಖರ್ಚು ಹೆಚ್ಚಿಲ್ಲ. ಅತ್ತಿರಂಪಾಕ್ಕಂ ಎಂಬ ಶಿಲಾಯುಗದ ನೆಲೆಯನ್ನು ಅಗೆದ ಶಾಂತಿ ಪಪ್ಪು ಅವರ ಚೆನ್ನೈನ ಶರ್ಮಾ ಕೇಂದ್ರ ಮಕ್ಕಳಿಗೂ ಶಿಕ್ಷಕರಿಗೂ ಶಿಲಾಯುಗದ ಕಾರ್ಯಾಗಾರ ನಡೆಸುತ್ತ ಬಂದಿದೆ. ಅತ್ತಿರಂಪಾಕ್ಕಂ ಕೂಡ 1863ರಲ್ಲಿ ಫೂಟ್ ಕಾಲಿಟ್ಟ ಜಾಗವೇ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಯಾಕಾಗದು?

ಆದರೆ ಸಿರುಗುಪ್ಪದ ಗದ್ದೆ ಸೀಮೆಯ ಸರ್ಕಾರಿ ಶಾಲೆಗೆ ಬಸ್ಸು ಮಾಡಿಕೊಂಡು ಬಳ್ಳಾರಿಗೆ ಬರುವುದೆಂದರೆ ಮಕ್ಕಳಿಂದ ದುಡ್ಡೆತ್ತಬೇಕು. ಕೊಡಲಾಗದವರು ಅಂದು ಶಾಲೆಗೇ ಬರುವುದಿಲ್ಲ. ಹಾಗಾಗಿ ನೀವೇ ಅವರ ಬಳಿಗೆ ಹೋಗಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯ ವಿಜ್ಞಾನವನ್ನು ಬಸ್ಸಿನಲ್ಲಿ ಹೇರಿಕೊಂಡು ಹಳ್ಳಿ ಶಾಲೆಗಳಿಗೆ ಕಳಿಸುತ್ತಿತ್ತಲ್ಲ, ಅಷ್ಟು ದೊಡ್ಡದೂ ಬೇಡ. ಒಂದು ಟ್ರಂಕು ಸಾಕು. ಚಕ್ಕೆ, ಮಾದರಿ ಕೊಡಲಿ, ಬೂದಿ, ಕಾಳು, ಭೂತಗನ್ನಡಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಒಂದೊಂದು ಹಾಳೆ. ಬಳ್ಳಾರಿಯಲ್ಲಿ ಒಂದೇ ಭಾಷೆಯಲ್ಲಿ ಮಾತಾಡುವ ಬೀದಿ ಎಲ್ಲಿದೆ? ವಾರಕ್ಕೊಂದು ಶಾಲೆ. ಸಿರುಗುಪ್ಪ ತಾಲೂಕಿನ ಮಕ್ಕಳಿಗಂತೂ ತೆಕ್ಕಲಕೋಟೆ ಮನೆಯ ಹಿತ್ತಲಿದ್ದಂತೆ. 1963-64ರಲ್ಲಿ ನಾಗರಾಜರಾವ್ ಅಲ್ಲಿ ಅಗೆದಾಗ ನಿಮ್ಮ ಕಾಲದ ದುಂಡು ಗುಡಿಸಿಲ ನೆಲ, ಪುಟ್ಟ ಬಂಗಾರದ ಒಡವೆ ಎಲ್ಲ ಸಿಕ್ಕಿತು. ಆ ಊರಿನ ಮಗು ಸಂಗನಕಲ್ಲನ್ನು ಬಾಯಿಪಾಠ ಮಾಡಿ ತೆಕ್ಕಲಕೋಟೆಯನ್ನು ಬರೀ ಬಸ್ ಸ್ಟಾಪ್ ಎಂದು ತಿಳಿದಿರುವುದು ನ್ಯಾಯವೇ? ಕುರುಗೋಡಿನ ಮಕ್ಕಳಿಗೆ ದೊಡ್ಡಬಸವೇಶ್ವರನ ಭಾರಿ ಬಸವ ಗೊತ್ತು. ಕಪ್ಪಗಲ್ಲಿನ ಬಂಡೆಯ ಮೇಲೆ ಅದಕ್ಕಿಂತ ಎಷ್ಟೋ ಹಿಂದೆ ನೀವು ಕುಟ್ಟಿ ಮೂಡಿಸಿದ ಹಿಣಿಲು ಎತ್ತುಗಳನ್ನು ಒಮ್ಮೆ ತೋರಿಸಬೇಕು.

ಕಪ್ಪಗಲ್ಲಿನ ಮಾತು ಬಂದಾಗ ಹೇಳಲೇಬೇಕು. ಅಲ್ಲಿ ನೀವು ಎತ್ತುಗಳ ನಡುವೆ ಮನುಷ್ಯರನ್ನೂ ಕೊರೆದಿದ್ದೀರಿ, ಅವರಲ್ಲಿ ಕೆಲವರು ಏನೇನೂ ಸಂಕೋಚವಿಲ್ಲದೆ ನಿಂತಿದ್ದಾರೆ. ಅಲ್ಲಿಗೆ ಬಂದಾಗ ನಮ್ಮ ಮೇಷ್ಟರುಗಳ ನಡಿಗೆ ಚುರುಕಾಗುತ್ತದೆ, ಮಕ್ಕಳ ನಡಿಗೆ ನಿಧಾನವಾಗುತ್ತದೆ. ಅಲ್ಲೇ ಕೆಲವು ಬಂಡೆಗಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ, ತಟ್ಟಿ ತಟ್ಟಿ ಸವೆದ ಗುಳಿಗಳೂ ಇವೆ. ಬೊಯ್ವಿನ್ 2004ರಲ್ಲಿ ಅದನ್ನು ಲೋಕಕ್ಕೆಲ್ಲ ಸಾರಿದರು. ಊರ ಹುಡುಗರಿಗೆ ಅದು ಮೊದಲೇ ಗೊತ್ತಿತ್ತು. ಆದರೆ ಒಂದೊಂದು ಶಾಲೆಯಿಂದ ನೂರು ಮಕ್ಕಳು ಬಂದು ಎಲ್ಲರೂ ಮೂಲ ಬಂಡೆಯನ್ನೇ ಬಡಿದರೆ ನಿಮ್ಮ ಚಿತ್ರ ಉಳಿದೀತೇ? ಆ ನಾದವನ್ನು ಧ್ವನಿಮುದ್ರಣ ಮಾಡಿ ಸಂಗ್ರಹಾಲಯದಲ್ಲಿ ಕೇಳಿಸಬೇಕು, ಬಿದ್ದ ಡಾಲರೈಟ್ ಗುಂಡೊಂದನ್ನು ಅಂಗಳಕ್ಕೆ ತಂದು ಬಡಿಯಲು ಬಿಡಬೇಕು. ನಿಮ್ಮ ಗುಡ್ಡಗಳಿಗೆ ಏಟು ಬಿದ್ದಿರುವುದು ಈಗಾಗಲೇ ಸಾಕಷ್ಟು. ಗ್ರಾನೈಟ್ ಮತ್ತು ಜಲ್ಲಿಗಾಗಿ ಒಡೆದದ್ದರಲ್ಲಿ ನಿಮ್ಮ ಕುರುಹುಗಳೂ ಹೋದವು. ಸಂಶೋಧಕರು ಮೊರೆಯಿಟ್ಟ ಮೇಲೆ ಸರ್ಕಾರ ಕಣ್ಣು ಬಿಟ್ಟಿತು. ಒಡೆದವರ ಮಕ್ಕಳೂ ನಮ್ಮ ತರಗತಿಯಲ್ಲೇ ಕೂರುತ್ತಾರೆ. ಅವರ ಎದುರು ಕಲ್ಲು ಒಡೆಯುವವರೆಲ್ಲ ಇತಿಹಾಸದ್ರೋಹಿಗಳು ಎಂದು ಭಾಷಣ ಮಾಡುವ ಗೈಡ್ ನನಗೆ ಬೇಡ. ಲೈಸೆನ್ಸು ಪಡೆದವರು ಯಾರು, ಕೂಲಿ ಪಡೆದವರು ಯಾರು ಎಂಬುದನ್ನು ಬೇರೆ ಮಾಡಿ ಹೇಳಬೇಕು. ಕಲ್ಲು ಯಾವ ಕಡೆಗೆ ಬಿರಿಯುತ್ತದೆ ಎಂಬ ನಿಮ್ಮ ವಿದ್ಯೆಯನ್ನು ಬಲ್ಲವರು ಇವತ್ತು ಯಾರಾದರೂ ಇದ್ದರೆ ಆ ಕೂಲಿಯವರೇ.

ಇನ್ನೊಂದನ್ನು ನಿಮ್ಮನ್ನೇ ಕೇಳಬೇಕು. ತೀರಿಕೊಂಡ ಕೂಸುಗಳನ್ನು ನಿಮ್ಮವರು ಮಡಕೆಯೊಳಗಿಟ್ಟು ಮನೆಗಳ ನಡುವೆಯೇ ಹೂಳುತ್ತಿದ್ದರು. ತೆಕ್ಕಲಕೋಟೆಯಲ್ಲೂ ಹಾಗೆ ಸಿಕ್ಕಿವೆ. ಊರ ಹೊರಗಿಡಲು ಮನಸ್ಸು ಬಾರದೆ ಹೀಗೆ ಮಾಡಿದರೆಂದು ನಾನು ಊಹಿಸುತ್ತೇನೆ, ಅದು ನನ್ನ ಊಹೆ ಮಾತ್ರ. ಅಂಥ ಮಡಕೆಯನ್ನು ಆರನೆಯ ತರಗತಿಯ ಮಕ್ಕಳಿಗೆ ತೋರಿಸಬಹುದೇ? ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯ 2020ರಲ್ಲಿ ಮನುಷ್ಯರ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ಅಮೆರಿಕದಲ್ಲಿ 1990ರ ಕಾಯ್ದೆಯಂತೆ ಮೂಲನಿವಾಸಿಗಳ ಎಲುಬುಗಳನ್ನು ಅವರ ಕುಲದವರಿಗೆ ಮರಳಿಸಬೇಕು. ನಿಮ್ಮ ವಿಷಯದಲ್ಲಿ ಯಾರನ್ನು ಕೇಳೋಣ? ನಿಮ್ಮ ವಂಶದವರು ಇಡೀ ಬಳ್ಳಾರಿಯವರಿರಬಹುದು, ಯಾರೂ ಇಲ್ಲದಿರಲೂಬಹುದು. ಈ ಬಗ್ಗೆ ಎಷ್ಟೋ ಸಲ ಎರಡೂ ಕಡೆ ವಾದಿಸಿಕೊಂಡು ನಾನು ಬಂದು ನಿಂತ ಜಾಗ ಇದು: ಎಲುಬು ಬೇಡ, ಮಡಕೆ ಇರಲಿ, ಏನಿತ್ತು ಎಂಬುದನ್ನು ಮುಚ್ಚಿಡದೆ ಹೇಳಲಿ. ತಮ್ಮನನ್ನೋ ತಂಗಿಯನ್ನೋ ಕಳೆದುಕೊಂಡ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದು ಆ ಮಡಕೆಯ ಮುಂದೆ ನಿಂತಾಗ ಸಾಲು ಮುಂದೆ ಹೋಗಲಿ ಎಂದು ಯಾರೂ ಬೆನ್ನು ತಟ್ಟಕೂಡದು. ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಹೇಗಾದರೂ ತಿಳಿಸಿ, ಮಡಕೆಯನ್ನೂ ತೆಗೆಸಲು ಅರ್ಜಿ ಕೊಡುತ್ತೇನೆ.

ಕಡೆಗೆ, ನೀವು ಕೆಲಸ ನಿಲ್ಲಿಸಿದ್ದು. ಕ್ರಿ.ಪೂ. 1200ರ ಸುಮಾರಿಗೆ ಹಿರೇಗುಡ್ಡದ ಮೇಲಿನ ಸದ್ದು ಅಡಗುತ್ತದೆ. ಕಬ್ಬಿಣ ಬಂತು, ಕಲ್ಲು ಹೋಯಿತು ಎಂದು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಅಷ್ಟು ಸಲೀಸಾಗಿ ಕಸುಬು ಬಿಡುವವರನ್ನು ನಾನು ನೋಡಿಲ್ಲ. ಮೊದಲು ಕೊಳ್ಳುವವರು ಕಡಿಮೆಯಾದರೋ? ಮಕ್ಕಳು ಬೇರೆ ದಾರಿ ಹಿಡಿದರೋ? ಗುಡ್ಡದ ಮೇಲೆ ನೀರು ಸಾಲದೆ ಬಯಲಿಗೆ ಇಳಿದಿರೋ? ಬಳ್ಳಾರಿಯಲ್ಲಿ ಮಗ್ಗ ನಿಲ್ಲಿಸಿದವರ, ಗಣಿ ಮುಚ್ಚಿ ಕೆಲಸ ಕಳೆದುಕೊಂಡವರ ಮಕ್ಕಳಿದ್ದಾರೆ. ಈ ಪ್ರಶ್ನೆಗೆ ಅವರ ಬಳಿ ನಮಗಿಂತ ಒಳ್ಳೆಯ ಉತ್ತರವಿರಬಹುದು. ಸಂಗ್ರಹಾಲಯದ ಕೊನೆಯ ಗೋಡೆಯನ್ನು ಖಾಲಿ ಬಿಡಿಸಿ, ಬರುವ ಪ್ರತಿ ಶಾಲೆಯೂ ಅದಕ್ಕೊಂದು ಉತ್ತರ ಬರೆದು ಅಂಟಿಸಿ ಹೋಗುವಂತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ವರ್ಷದ ಕೊನೆಗೆ ಅವನ್ನೆಲ್ಲ ಒಟ್ಟುಮಾಡಿ ಅಗೆಯುವವರ ಕೈಗೂ ಒಂದು ಪ್ರತಿ ಕೊಡುವುದು.

ಇಂತಿ ನಿಮ್ಮ ಗುಡ್ಡದ ಆಚೆ ಬದಿಯ
ಸಮಾಜ ಪಾಠದ ಮಾಸ್ತರ